ಎರಡನೇ ಬೆಳೆಯ ಕಾಲೇಜು

ಮೊದಲು ಪ್ರಿನ್ಸಿಪಾಲರು ನಕ್ಕರು. ಆಮೇಲೆ ಗುಮಾಸ್ತ ನಕ್ಕ. ಆಮೇಲೆ ಅಲ್ಲೇ ಚಹಾ ಕುಡಿಯುತ್ತ ಕೂತಿದ್ದ ಇಬ್ಬರು ಮೇಷ್ಟ್ರು ನಕ್ಕರು. ಅವರು ನಕ್ಕಿದ್ದು ನಮ್ಮವ್ವನ ಮಾತಿಗೆ.

"ಸಾಹೇಬ್ರ, ನನ್ನ ಮಗಳನ್ನ ಎರಡನೇ ಬೆಳಿಗೆ ಸೇರಿಸ್ಕೊಳ್ರಿ" ಎಂದಿದ್ದಳು ಅವ್ವ.

ಅದು ಎಂಬತ್ತೊಂಬತ್ತನೇ ಇಸವಿಯ ಜನವರಿ. ಸಿಂಧನೂರಿನ ಒಂದು ಕಾಲೇಜು. ಹೆಸರು ಹೇಳುವುದಿಲ್ಲ. ಹೇಳಿದರೆ ಈಗ ಅಲ್ಲಿ ಓದುವ ಮಕ್ಕಳಿಗೆ ನಾಚಿಕೆಯಾದೀತು, ಅವರದೇನು ತಪ್ಪು?

ನಾವು ಬಾಗಿಲ ಒಳಗೆ ಒಂದೆರಡು ಹೆಜ್ಜೆ ಇಟ್ಟು ನಿಂತಿದ್ದೆವು. ಎದುರಿಗೆ ಖುರ್ಚಿ ಖಾಲಿ ಇದ್ದವು. ಕೂಡ್ರಿ ಎಂದು ಯಾರೂ ಅನ್ನಲಿಲ್ಲ. ಅಂದಿದ್ದರೂ ಅವ್ವ ಕೂಡುತ್ತಿರಲಿಲ್ಲ, ಅವಳಿಗೆ ಖುರ್ಚಿಯ ರೂಢಿಯೇ ಇರಲಿಲ್ಲ. ಇಡೀ ಮುಂಗಾರು ಕೆಸರಿನಲ್ಲಿ ನಿಂತು ನಮ್ಮಿಬ್ಬರ ಕಾಲ್ಬೆರಳ ಸಂದಿಗಳು ಬೆಳ್ಳಗಾಗಿ ಒಡೆದಿದ್ದವು. ಹರಳೆಣ್ಣೆಗೆ ಅರಿಶಿನ ಕಲಸಿ ಹಚ್ಚಿಕೊಂಡು ಹೋಗಿದ್ದೆವು. ಆ ವಾಸನೆಗೆ ಒಬ್ಬ ಮೇಷ್ಟ್ರು ಮೂಗಿಗೆ ಕರ್ಚೀಫು ಹಿಡಿದ. ಅವನು ಮಧ್ಯಾಹ್ನ ಉಣ್ಣುವ ಅನ್ನ ಯಾವ ಕೆಸರಿನಿಂದ ಬಂತೋ ಅದೇ ಕೆಸರಿನ ಹುಣ್ಣು ಅದು.

"ಏನಮ್ಮ, ಇದು ಕಾಲೇಜೋ ಗದ್ದೆಯೋ?" ಪ್ರಿನ್ಸಿಪಾಲರು ಮೈಸೂರು ಕಡೆಯವರು. "ಜೂನ್‌ನಲ್ಲಿ ಅಡ್ಮಿಶನ್ ಮುಗೀತು. ಇಷ್ಟು ದಿನ ಏನು ಮಾಡ್ತಿದ್ರಿ?"

"ನೆಲ್ಲು ಹಚ್ಚಿದ್ವಿರೀ. ಆಮ್ಯಾಲೆ ಕೊಯ್ದ್ವಿರೀ."

"ಹಾಗಾದ್ರೆ ಮುಂದೂ ಅದನ್ನೇ ಮಾಡಿ."

ಮತ್ತೆ ನಗು. ಅವರು ನನ್ನ ಅಂಕಪಟ್ಟಿ ತೆರೆದು ನೋಡಿದರು. ಹತ್ತನೇ ತರಗತಿ, ಫಸ್ಟ್ ಕ್ಲಾಸು, ಮೊದಲ ಸಲಕ್ಕೇ ಪಾಸು. ಮುಖದ ಮೇಲಿನ ನಗು ಸ್ವಲ್ಪ ಇಳಿಯಿತು. "ಇರಲಿ. ನಿಮ್ಮವರಿಗೆ ಸೀಟು ಇದ್ದೇ ಇರ್ತದಲ್ಲ. ಮುಂದಿನ ಜೂನ್‌ಗೆ ಬಾ" ಎಂದು ಮೇಜಿನ ಮೇಲೆ ಸರಿಸಿದರು.

ಮುಂದಿನ ಜೂನ್ ಎಂದರೆ ಅವರಿಗೆ ಕ್ಯಾಲೆಂಡರಿನ ಒಂದು ಹಾಳೆ. ನನಗೆ ಅದು ಲಿಂಗಸುಗೂರಿನಲ್ಲಿರುವ ಅತ್ತೆಯ ಮನೆ. ಅತ್ತೆಯ ಮಗ ಕಲ್ಲು ಒಡೆಯುತ್ತಿದ್ದ, ಸಂಜೆ ಕುಡಿಯುತ್ತಿದ್ದ. ಅಪ್ಪ ತಂಗಿಗೆ ಮಾತು ಕೊಟ್ಟಿದ್ದ. ನಾನು ಅತ್ತು ಕರೆದು ಅವನನ್ನು ಒಂದು ಒಪ್ಪಂದಕ್ಕೆ ತಂದಿದ್ದೆ. "ಕಾಲೇಜಿಗೆ ಸೇರಿದಿ ಅಂದ್ರ ಮದುವಿ ನಿಲ್ಲಸ್ತೀನಿ. ಸೇರಲಿಲ್ಲ ಅಂದ್ರ ಬ್ಯಾಸಿಗ್ಯಾಗ ಅಕ್ಕಿಕಾಳು ಹಾಕಿ ಕಳಸ್ತೀನಿ. ಮನ್ಯಾಗ ಬೆಳದ ಹುಡುಗೀನ ಕುಂದರ್ಸಿಕೊಂಡು ಊರ ಬಾಯಿಗೆ ಬೀಳಾಕ ಆಗಂಗಿಲ್ಲ" ಎಂದಿದ್ದ ಅಪ್ಪ. ಅಂದರೆ ಜೂನ್ ಬರುವ ಹೊತ್ತಿಗೆ ನಾನು ಲಿಂಗಸುಗೂರಿನಲ್ಲಿ ಕಲ್ಲಿನ ಬುಟ್ಟಿ ಹೊರುತ್ತಿರುತ್ತಿದ್ದೆ. ಪ್ರಿನ್ಸಿಪಾಲರಿಗೆ ಇದನ್ನು ಹೇಳುವುದು ಹೇಗೆ? ಅವರು ಆಗಲೇ ಫೋನು ಎತ್ತಿಕೊಂಡಿದ್ದರು.

ಎರಡನೇ ಬೆಳೆ ಅನ್ನುವ ಮಾತು ನಮ್ಮವ್ವ ಹುಟ್ಟಿಸಿಕೊಂಡಿದ್ದಲ್ಲ. ಅದನ್ನು ಅವಳ ಬಾಯಿಗೆ ಹಾಕಿದವನು ನಮ್ಮೂರ ಗೌಡ, ಆದನಗೌಡ.

ನಮ್ಮೂರು ವಳಕಮದಿನ್ನಿ. ನಮ್ಮದು ಮಾದಿಗರ ಕೇರಿ. ತುಂಗಭದ್ರಾ ಕಾಲುವೆ ಬಂದ ಮೇಲೆ ನಮ್ಮ ಕಡೆ ವರ್ಷ ಎಂದರೆ ಎರಡು ಹೋಳು. ಮಳೆಗಾಲಕ್ಕೆ ಒಂದು ನೆಲ್ಲು, ಸಂಕ್ರಾಂತಿಯ ಆಸುಪಾಸು ಹಚ್ಚಿದರೆ ಇನ್ನೊಂದು ನೆಲ್ಲು. ಒಂದು ತಪ್ಪಿದರೆ ಇನ್ನೊಂದು ಉಂಟು. ಹೆಣ್ಣು ಕೊಡುವ ಮಾತು, ಮನೆಗೆ ಹುಲ್ಲು ಹೊದಿಸುವ ಮಾತು, ದವಾಖಾನೆಗೆ ಹೋಗುವ ಮಾತು, ಎಲ್ಲವೂ ಮೊದಲನೇ ಬೆಳೆಗೆ ಇಲ್ಲದಿದ್ದರೆ ಎರಡನೇ ಬೆಳೆಗೆ.

ಗೌಡನ ಗದ್ದೆಗೆ ಕೇರಿಯ ಹೆಂಗಸರೆಲ್ಲ ಒಂದೇ ಗುಂಪಾಗಿ ಇಳಿಯಬೇಕು. ಹೆರಿಗೆ, ಸಾವು, ಮುಟ್ಟು ಬಿಟ್ಟರೆ ಒಬ್ಬಳೂ ತಪ್ಪಿಸಿಕೊಳ್ಳುವಂತಿಲ್ಲ. ತಪ್ಪಿಸಿಕೊಂಡರೆ ಮರುದಿನ ಇಡೀ ಕೇರಿಗೆ ಕೆಲಸವಿಲ್ಲ, ಬೇರೆ ಊರಿನಿಂದ ಟ್ರಾಕ್ಟರಿನಲ್ಲಿ ಆಳು ಬರುತ್ತಾರೆ. ಇದು ಗೌಡನ ಹುಕುಂ. ಒಬ್ಬಳ ಕಾಲಿಗೆ ಇನ್ನೊಬ್ಬಳನ್ನು ಕಟ್ಟುವ ಉಪಾಯ. ನಾನು ಪಾಸಾದಾಗ ಅಪ್ಪ ಹೆಗಲ ಮೇಲಿನ ಟವೆಲ್ಲು ಕೈಗೆ ತಗೊಂಡು ಅವನ ಕಟ್ಟೆಯ ಮುಂದೆ ನಿಂತ.

"ಓದ್ಲಿ ಬಸ್ಸಪ್ಪ, ಬ್ಯಾಡ ಅಂದವರ್ಯಾರು?" ಎಂದ ಗೌಡ. "ಆದ್ರ ಮೊದಲನೇ ಬೆಳಿ ಮುಗಿಸಿ ಹೋಗ್ಲಿ. ಕಾಲೇಜಿಗೂ ಎರಡು ಬೆಳಿ ಇರ್ತಾವ. ಜನವರಿದಾಗ ಎರಡನೇ ಬೆಳಿಗೆ ಸೇರಿಸ್ಕೊಂತಾರ. ಅಲ್ಲಿ ಕಮಿಟಿ ಮೆಂಬರ್ ಅದೀನಿ, ನನಗ ಗೊತ್ತಿಲ್ಲೇನು?"

ಅಪ್ಪ ನಂಬಿದ. ಅವ್ವ ನಂಬಿದಳು. ನೀರಾವರಿ ಇಲ್ಲದ ಊರಿನವರಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಕಾಲುವೆ ನೀರು ಕುಡಿದು ಬೆಳೆದ ನಮ್ಮವರಿಗೆ ಇದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ನನಗೆ ಅನುಮಾನ ಬಂತು. ಆದರೆ ಸಂಜೆ ಕೇರಿಯ ಹೆಂಗಸರು ಬಂದು ನಮ್ಮ ಅಂಗಳದಲ್ಲಿ ಕೂತರು. ಗುಂಪಿಗೆ ಹಿರಿಯಳಾದ ಮುದುಕಮ್ಮಾಯಿ ನನ್ನ ಗದ್ದ ಹಿಡಿದಳು. "ನಿನ್ನೊಬ್ಬಾಕಿ ಸಲುವಾಗಿ ನಮ್ಮ ಹೊಟ್ಟಿ ಮ್ಯಾಲೆ ಹೊಡೀಬ್ಯಾಡವ್ವ, ಒಂದು ಬೆಳಿ ತಾಳು" ಎಂದಳು. ನಾನು ತಾಳಿದೆ.

ನೆಲ್ಲು ಹಚ್ಚುವುದು ಅಂದರೆ ಏನೆಂದು ಹೇಳುತ್ತೇನೆ, ಕೇಳಿ. ಬೆಳಿಗ್ಗೆ ಬಗ್ಗಿದ ಸೊಂಟ ಬದು ಮುಟ್ಟುವ ತನಕ ಏಳಬಾರದು. ಎದ್ದರೆ ಗೌಡನ ಕಾರಭಾರಿ ಸೂಗಪ್ಪ ಬದುವಿನ ಮೇಲಿನಿಂದ ಹೊಲಸು ಮಾತಾಡುತ್ತಾನೆ. ಕೆಸರು ಮೊಣಕಾಲು ನುಂಗುತ್ತದೆ. ಗೊಬ್ಬರದ ನೀರಿಗೆ ಉಗುರ ಸುತ್ತ ಕೀವು ತುಂಬುತ್ತದೆ. ಎಡಗೈಯಲ್ಲಿ ಸಸಿ, ಬಲಗೈ ಮೂರು ಬೆರಳು ಕೆಸರಿಗೆ ಹೊಡೆದು ಹೊಡೆದು ರಾತ್ರಿ ರೊಟ್ಟಿ ಮುರಿಯಲು ಬರುವುದಿಲ್ಲ. ನೀರು ಕೇಳಿದರೆ ಗೌಡನ ಮನೆಯ ಆಳು ಕೊಡ ಎತ್ತಿ ಮೇಲಿನಿಂದ ಹುಯ್ಯುತ್ತಾನೆ, ಬೊಗಸೆ ಒಡ್ಡಿ ಕುಡಿಯಬೇಕು. ಕೈ ಕೆಸರಾದರೆ ಬಾಯಿ ಮೊಸರು ಅಂತ ಗಾದೆ ಕಟ್ಟಿದವನನ್ನು ಒಂದು ದಿನ ಆ ಗದ್ದೆಗೆ ಇಳಿಸಬೇಕಿತ್ತು. ಕೈ ನಮ್ಮದು, ಮೊಸರು ಗೌಡನ ಮನೆಯದು.

ಹಾಗೆ ತಾಳಿ, ಹಚ್ಚಿ, ಕಳೆ ಕಿತ್ತು, ಕೊಯ್ದು, ಬಡಿದು, ಗೌಡನ ಅಂಗಳಕ್ಕೆ ಚೀಲ ಸೇರಿಸಿ ಬಂದಿದ್ದೆವು. ಈಗ ಇವರು ನಗುತ್ತಿದ್ದಾರೆ.

ಹೊರಗೆ ಬಂದ ಮೇಲೆ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಡಿಯವ್ವ, ಜವಳಗೇರಾ ಬಸ್ಸು ಹೋಕ್ಕೈತಿ. ನಮ್ಮ ಹಣೇಬರಾನ ಇಷ್ಟು."

"ಹಣೇಬರ ಅಲ್ಲಬೇ ಇದು. ಗೌಡ ಮಾಡಿದ್ದು. ನಾ ಬರಂಗಿಲ್ಲ."

"ಬರ್ದ ಎಲ್ಲಿ ಇರ್ತಿ?"

"ಕ್ಲಾಸಿನಾಗ."

ಅವ್ವನ ಉತ್ತರಕ್ಕೆ ಕಾಯದೆ ನಡೆದೆ. ಪಿಯುಸಿ ಮೊದಲ ವರ್ಷದ ಆರ್ಟ್ಸ್ ಕೋಣೆಗೆ ಹೋಗಿ ಕಡೆಯ ಬೆಂಚಿನಲ್ಲಿ ಕೂತೆ. ಇತಿಹಾಸದ ಮೇಷ್ಟ್ರು ಬಂದರು. ಹೆಸರು ಕೂಗಿದರು. ನನ್ನ ಹೆಸರು ಇಲ್ಲ. ಯಾರು ನೀನು ಅಂದರು. ಹೇಳಿದೆ. ಅಡ್ಮಿಶನ್ ಇದೆಯಾ ಅಂದರು. ಇಲ್ಲ ಅಂದೆ. ಜವಾನ ಇಸ್ಮಾಯಿಲ್‌ಸಾಬ್‌ನನ್ನು ಕರೆದು ಹೊರಗೆ ಕಳಿಸಿದರು. ಅವನು ಬಿಳಿ ಗಡ್ಡದ ಮನುಷ್ಯ. ನನ್ನ ರಟ್ಟೆ ಹಿಡಿಯಲಿಲ್ಲ. "ಬಾ ಬೇಟಿ, ನನ್ನ ನೌಕ್ರಿ ಕಳೀಬ್ಯಾಡ" ಎಂದ. ಹೊರಗೆ ಬಂದು ಕಿಟಕಿಯ ಕೆಳಗೆ ನೆಲದ ಮೇಲೆ ಕೂತೆ. ಅವನು ನೋಡಿದ. ಕ್ಲಾಸಿನಿಂದ ಹೊರಗೆ ಹಾಕು ಅಂತ ಹೇಳಿದ್ದರು, ಹಾಕಿದ್ದ. ನೆಲದಿಂದ ಎಬ್ಬಿಸು ಅಂತ ಯಾರೂ ಹೇಳಿರಲಿಲ್ಲ. ಅವನು ತನ್ನ ಸ್ಟೂಲಿಗೆ ಹೋಗಿ ಬೀಡಿ ಹಚ್ಚಿದ.

ಅಲ್ಲೇ ಕೂತು ಕೇಳಿದೆ. ಮರುದಿನವೂ ಹೋದೆ, ಅದರ ಮರುದಿನವೂ. ಹುಡುಗರಿಗೆ ಆಫೀಸಿನ ಸುದ್ದಿ ಮುಟ್ಟಿತ್ತು. "ಏ, ಎರಡನೇ ಬೆಳಿ ಬಂತು ನೋಡಲೇ" ಎನ್ನುತ್ತಿದ್ದರು. ಒಬ್ಬ ಕಿಟಕಿಯಿಂದ ಕಡಲೆ ಸಿಪ್ಪೆ ನನ್ನ ತಲೆಯ ಮೇಲೆ ಹಾಕಿದ. ಕೊಡವಿಕೊಂಡು ಬರೆದುಕೊಂಡೆ. ನಾಚಿಕೆ ಆಗಲಿಲ್ಲವೇ ಅಂದರೆ, ಆಯಿತು. ಸಂಕಟವಾಯಿತು. ಆದರೆ ಸಂಕಟಕ್ಕಿಂತ ಸಿಟ್ಟು ದೊಡ್ಡದಿತ್ತು.

ಅಷ್ಟರಲ್ಲಿ ಊರಲ್ಲಿ ಕಾಲುವೆಗೆ ನೀರು ಬಿಟ್ಟಿದ್ದರು. ಎರಡನೇ ಬೆಳೆಯ ಸಸಿ ಕೀಳುವ ಕೆಲಸ ಹತ್ತಿತು. ಗುಂಪಿನಲ್ಲಿ ನಾನಿಲ್ಲ. ಸೂಗಪ್ಪ ಕೇಳಿಯೇ ಕೇಳುತ್ತಾನೆ. ಮುದುಕಮ್ಮಾಯಿಯೇ ದಾರಿ ಹುಡುಕಿದಳು. ಮುಟ್ಟಾದವಳು ಸಸಿ ಮಡಿಗೆ ಇಳಿಯಬಾರದು ಎಂದು ನಮ್ಮ ಕಡೆ ಕಟ್ಟುನಿಟ್ಟು. "ಶೇಖಮ್ಮ ಹೊರಗಾಗ್ಯಾಳ ಅಂತ ಹೇಳ್ತೀನಿ. ಗಂಡಸು ಎಷ್ಟು ಕೇಳ್ತಾನ ಅದರ ಮ್ಯಾಲೆ? ಹೋಗಿ ಬಾ ನೀ" ಎಂದಳು. ಜೂನ್‌ನಲ್ಲಿ ನನ್ನನ್ನು ತಡೆದವಳು ಇವಳೇ. ಆಫೀಸಿನಲ್ಲಿ ನಕ್ಕದ್ದನ್ನು ಅವ್ವ ಹೇಳಿದ ಮೇಲೆ ಮುದುಕಿಯ ಮನಸ್ಸು ಮುರಿದಿತ್ತು. ತನ್ನನ್ನೇ ನಕ್ಕಂತೆ ಅವಳಿಗೆ ಅನ್ನಿಸಿತ್ತು, ಯಾಕೆಂದರೆ ಅವಳೂ ಆ ಮಾತು ನಂಬಿದ್ದಳು.

ಕಿಟಕಿಯ ಕೆಳಗೆ ಕೂತವಳಿಗೆ ಹಾಜರಿ ಚೆನ್ನಾಗಿ ಕೇಳುತ್ತದೆ. ದಿನಾ ಒಂದು ಹೆಸರು ಬರುತ್ತಿತ್ತು, ಶರಣಗೌಡ. "ಯಸ್ ಸರ್" ಅನ್ನುವ ದನಿ ದಿನಕ್ಕೊಂದು ಥರ. ಒಮ್ಮೆ ದಪ್ಪ, ಒಮ್ಮೆ ಸಣ್ಣ. ಮೂರನೇ ದಿನ ಎದ್ದು ಕಿಟಕಿಯಲ್ಲಿ ಇಣುಕಿದೆ. ಆ ಹೆಸರಿನ ಮನುಷ್ಯ ಅಲ್ಲಿರಲಿಲ್ಲ. ಯಾರೋ ಒಬ್ಬ ತಲೆ ಬಗ್ಗಿಸಿ ಕೂಗುತ್ತಿದ್ದ.

ಶರಣಗೌಡ ನಮ್ಮ ಆದನಗೌಡನ ಮಗ. ನನ್ನ ಜೊತೆಗೇ ಹತ್ತನೇ ತರಗತಿ ಓದಿದವನು. ಮಾರ್ಚ್ ಪರೀಕ್ಷೆಯಲ್ಲಿ ಇಂಗ್ಲಿಷ್, ಗಣಿತ ಎರಡರಲ್ಲೂ ಡುಮಕಿ ಹೊಡೆದಿದ್ದ. ಅಕ್ಟೋಬರಿನಲ್ಲಿ ಮತ್ತೆ ಬರೆದ. ಡಿಸೆಂಬರಿನಲ್ಲಿ ಪಾಸಾದ ಸುದ್ದಿ ಬಂದಾಗ ಊರಿಗೆಲ್ಲ ಪೇಡೆ ಹಂಚಿದ್ದರು, ಕೇರಿಗೂ ಒಂದು ಬುಟ್ಟಿ ಮಂಡಕ್ಕಿ ಬಂದಿತ್ತು. ನಾನೂ ಮುಕ್ಕಿದ್ದೆ. ಅಂಥವನು ಈ ಕ್ಲಾಸಿನಲ್ಲಿ ಹೇಗೆ? ಇಸ್ಮಾಯಿಲ್‌ಸಾಬ್‌ನನ್ನು ಕೇಳಿದೆ.

"ಹೋದ ತಿಂಗಳು ಬಂದಾನ ಬೇಟಿ. ಜುಲೈದಿಂದ ಹಾಜರಿ ಹಾಕಿ ಕೊಟ್ಟಾರ. ಎಲ್ಲಾರಿಗೂ ಗೊತ್ತದ. ಕಮಿಟಿಯವ್ರ ಮಗ, ಯಾರು ಬಾಯಿ ಬಿಡ್ತಾರ?"

ಗೌಡ ಸುಳ್ಳು ಹೇಳಿರಲಿಲ್ಲ. ಕಾಲೇಜಿಗೆ ಎರಡನೇ ಬೆಳೆ ಇತ್ತು. ಅದಕ್ಕೆ ನೀರು ಅವನ ಹೊಲಕ್ಕೆ ಮಾತ್ರ ಬರುತ್ತಿತ್ತು. ಜುಲೈನಲ್ಲಿ ಅವನ ಮಗ ಹತ್ತನೇ ತರಗತಿಯನ್ನೇ ದಾಟಿರಲಿಲ್ಲ, ಆದರೂ ಜುಲೈನಲ್ಲಿ ಕಾಲೇಜಿಗೆ ಬಂದಿದ್ದ. ನಾನು ದಾಟಿದ್ದೆ, ಆದರೆ ಅವನಪ್ಪನ ಕೆಸರಿನಲ್ಲಿದ್ದೆ.

ನಾಳೆ ನೋಡೋಣ ಎಂದು ಕಾಯಲಿಲ್ಲ. ಮುಂದಿನ ಪಿರಿಯಡ್ಡಿಗೆ ಇತಿಹಾಸದ ಮೇಷ್ಟ್ರು ಬಂದು ಹಾಜರಿ ಕೂಗುವ ಹೊತ್ತಿಗೆ ಬಾಗಿಲಿಗೆ ಬಂದು ನಿಂತೆ. ಶರಣಗೌಡ ಅಂದರು. ಯಸ್ ಸರ್ ಅಂತು ಒಂದು ದನಿ.

"ಸುಳ್ಳುರೀ ಸರ್" ಎಂದೆ. "ಶರಣಗೌಡ ಮಸ್ಕಿಗೆ ಹೋಗ್ಯಾನ. ಮುಂಜಾನಿ ಮೋಟಾರ್ ಸೈಕಲ್ ಮ್ಯಾಲೆ ಹೋಗೂದನ್ನ ನಾ ಬಸ್ ಸ್ಟ್ಯಾಂಡಿನಾಗ ನೋಡೀನಿ."

ಮೇಷ್ಟ್ರು ಹಾಜರಿ ಪುಸ್ತಕದಿಂದ ತಲೆ ಎತ್ತಿದರು.

"ನಿನಗ್ಯಾಕೆ ಬೇಕು? ಹೊರಗೆ ಹೋಗು."

"ಹೊರಗ ಇದ್ದೀನಿರೀ. ಬಾಗಲದಾಚೀಗೇ ನಿಂತೀನಿ. ಅಂವ ಜುಲೈದಾಗ ಪಾಸೇ ಆಗಿದ್ದಿಲ್ಲ, ಅಂವಗ ಜುಲೈದಿಂದ ಹಾಜರಿ ಹಾಕೀರಿ. ನಾ ಮಾರ್ಚ್‌ದಾಗೇ ಫಸ್ಟ್ ಕ್ಲಾಸ್ ಪಾಸಾಗೀನಿ, ನನ್ನ ನೆಲದ ಮ್ಯಾಲೆ ಕುಂದರ್ಸೀರಿ. ಇದರಾಗ ಯಾವ್ದು ಕಾಯ್ದೆ ಐತಿ ಹೇಳ್ರಿ, ನಾ ಹೋಗ್ತೀನಿ."

ಮೇಷ್ಟ್ರು ಹಾಜರಿ ಪುಸ್ತಕ ಮುಚ್ಚಿದರು. ಅವರು ನನ್ನನ್ನು ಪ್ರಿನ್ಸಿಪಾಲರ ಕೋಣೆಗೆ ಕರೆದುಕೊಂಡು ಹೋದರು.

ಈ ಸಲ ಅಲ್ಲಿ ಯಾರೂ ನಗಲಿಲ್ಲ. ಪ್ರಿನ್ಸಿಪಾಲರು ಎದ್ದು ನಿಂತು ಬೈದರು. ಪೊಲೀಸರಿಗೆ ಕೊಡ್ತೀನಿ ಅಂದರು. ಕೊಡ್ರಿ ಅಂದೆ. ಸ್ಟೇಶನ್ನಿನಲ್ಲಿ ಇದನ್ನೇ ಹೇಳ್ತೀನಿ ಅಂದೆ. ತಾಲೂಕು ಕಚೇರಿ ಮುಂದೂ ಹೇಳ್ತೀನಿ, ಬಸ್ ಸ್ಟ್ಯಾಂಡಿನಲ್ಲೂ ಹೇಳ್ತೀನಿ ಅಂದೆ. ಅವರು ಗೌಡನಿಗೆ ಫೋನು ಮಾಡಿದರು.

ಗೌಡ ಜೀಪಿನಲ್ಲಿ ಬಂದ. ಒಬ್ಬನೇ ಬರಲಿಲ್ಲ. ಗದ್ದೆಯಲ್ಲಿ ಬಗ್ಗಿದ್ದ ಅವ್ವನನ್ನು ಎಬ್ಬಿಸಿ, ಕಾಲು ತೊಳೆಯಲೂ ಬಿಡದೆ, ಜೀಪಿನ ಹಿಂದೆ ನೆಲದ ಮೇಲೆ ಕೂಡಿಸಿಕೊಂಡು ಬಂದಿದ್ದ. ಅವ್ವ ಬಾಗಿಲಲ್ಲಿ ನಿಂತಳು. ಸೀರೆಯನ್ನು ಕಚ್ಚೆ ಹಾಕಿ ಎತ್ತಿ ಕಟ್ಟಿದ್ದಳು, ಬಿಚ್ಚಿ ಇಳಿಬಿಡಲೂ ಪುರಸೊತ್ತು ಕೊಟ್ಟಿರಲಿಲ್ಲ. ಅಷ್ಟು ಗಂಡಸರ ಮುಂದೆ ಮೊಣಕಾಲು ಮುಚ್ಚಿಕೊಳ್ಳಲು ಅವಳು ಸೆರಗು ಎಳೆಯುತ್ತಿದ್ದಳು. ಅದನ್ನು ನೋಡಿ ನನಗೆ ಗೌಡನ ಮೇಲೆ ಹಾರಬೇಕು ಅನ್ನಿಸಿತು. ಈಗಲೂ ಅನ್ನಿಸುತ್ತದೆ. ಹಾರಲಿಲ್ಲ, ಶರಣಗೌಡ ಹೋದ ತಿಂಗಳು ಸೇರಿ ಜುಲೈಯಿಂದ ಹಾಜರಿ ಪಡೆದದ್ದನ್ನು ಅವ್ವನಿಗೆ ಅಲ್ಲೇ ಹೇಳಿದೆ.

ಗೌಡ ಖುರ್ಚಿಯಲ್ಲಿ ಕೂತು ಮೆತ್ತಗೆ ಮಾತಾಡಿದ. ಸಿಟ್ಟು ಬಂದ ಗೌಡನಿಗಿಂತ ಮೆತ್ತಗೆ ಮಾತಾಡುವ ಗೌಡ ಕೆಟ್ಟವನು.

"ಗದ್ದೆವ್ವ, ನಿನ್ನ ಮಗಳಿಗೆ ಬುದ್ಧಿ ಹೇಳು. ಸಾಹೇಬ್ರ ಕಾಲಿಗೆ ಬೀಳ್ಲಿ. ಊರಿಗೆ ಕರ್ಕೊಂಡು ಹೋಗು, ನಾಳೆ ಸಸಿ ಹಚ್ಚಾಕ ಇಳೀಲಿ. ಬರೋ ಜೂನ್‌ದಾಗ ನಾನ ಕೈ ಹಿಡದು ಸೇರಿಸ್ತೀನಿ. ಇಲ್ಲಂದ್ರ ನಾಳಿಂದ ನಿಮ್ಮ ಕೇರಿಗೆ ನನ್ನ ಗದ್ದಿ ಇಲ್ಲ. ಅವರೆಲ್ಲಾರ ಉಪವಾಸ ನಿಮ್ಮ ತೆಲಿ ಮ್ಯಾಲೆ ಬರ್ತೈತಿ ನೋಡು."

ನಾನು ಅವ್ವನನ್ನು ನೋಡಿದೆ. ಹೆದರಿಕೆಯಾಯಿತು. ಗೌಡನ ಮಾತಿಗೆ ಅವ್ವ ಹೂಂ ಎನ್ನುವುದನ್ನು ಹುಟ್ಟಿದಾಗಿನಿಂದ ಕೇಳಿದ್ದೆ. ಅವಳು ಹೂಂ ಅಂದರೆ ನನ್ನ ಕಥೆ ಮುಗಿಯಿತು. ಗೌಡನ ಎದುರು ನಿಲ್ಲಬಲ್ಲೆ, ಅವ್ವನ ಎದುರು ನಿಲ್ಲಲಾರೆ.

ಅವ್ವ ಮೇಜಿನ ಹತ್ತಿರ ಬಂದಳು. ಸಿಮೆಂಟಿನ ನೆಲದ ಮೇಲೆ ಅವಳ ಕೆಸರು ಹೆಜ್ಜೆ ಬಿದ್ದವು.

"ಗೌಡ್ರ, ಕಾಲೇಜಿಗೂ ಎರಡು ಬೆಳಿ ಇರ್ತಾವ ಅಂತ ಅಂದವರ್ಯಾರು?"

ಗೌಡ ಪ್ರಿನ್ಸಿಪಾಲರ ಮುಖ ನೋಡಿದ.

"ನೀವು ಅಂದ್ರಿ. ನಾ ನಂಬಿ ಬಂದು ಇಲ್ಲಿ ನಗಿಸ್ಕೊಂಡ್ನಿ. ನಿಮ್ಮ ಮಗ ಎರಡನೇ ಬೆಳಿಗೆ ಬಂದಾನಲ್ರೀ. ಅಂವಗ ಯಾರೂ ನಗ್ಲಿಲ್ಲೇನು?"

"ಬಾಯಿ ಬಿಗಿ ಹಿಡದು ಮಾತಾಡು, ಗದ್ದೆವ್ವ."

"ಇಷ್ಟು ದಿನ ಹಿಡದೇ ಮಾತಾಡೀನ್ರಿ. ಕಾಲಿಗೆ ಬೀಳಂಗಿಲ್ಲ. ನಾನೂ ಬೀಳಂಗಿಲ್ಲ, ಆಕಿನೂ ಬೀಳಂಗಿಲ್ಲ. ಕರ್ಕೊಂಡೂ ಹೋಗಂಗಿಲ್ಲ. ಏನು ಮಾಡ್ಕೊಂತೀರಿ ಮಾಡ್ಕೊಳ್ರಿ."

ಗೌಡ ಎದ್ದ. ಕೈ ಎತ್ತಿಯೂ ಇದ್ದ. ಅಷ್ಟರಲ್ಲಿ ಹೊರಗೆ ಮೋಟಾರ್ ಸೈಕಲ್ಲಿನ ಸದ್ದಾಯಿತು. ಕಾರಭಾರಿ ಸೂಗಪ್ಪ ಏದುಸಿರು ಬಿಡುತ್ತ ಒಳಗೆ ಬಂದ.

"ಗೌಡ್ರ, ಹೆಂಗಸ್ರು ಮ್ಯಾಲೆ ಎದ್ದಾರ."

"ಅಂದ್ರ?"

"ಗದ್ದೆವ್ವನ್ನ ಜೀಪಿನಾಗ ಹಾಕ್ಕೊಂಡು ಹೋದ ಮ್ಯಾಲೆ ಮುದುಕಮ್ಮ ಸಸಿ ಸೂಡು ಒಗದು ಬದು ಹತ್ತಿದ್ಲು. ಆಕಿ ಹಿಂದ ಎಲ್ಲಾರೂ ಹತ್ತಿದ್ರು. ಕಿತ್ತ ಸಸಿ ಎಲ್ಲಾ ಬದುವಿನ ಮ್ಯಾಲೆ ಬಿದ್ದಾವ. ಬೈದೆ, ಹೊಡಿಯಾಕ ಹೋದೆ. ಗದ್ದೆವ್ವ ಮತ್ತ ಆಕಿ ಮಗಳನ್ನ ನೋಡೂ ಮಟ ಇಳಿಯಂಗಿಲ್ಲ ಅಂತ ಕುಂತಾರ."

ಇದು ಏನು ಮಾತು ಅಂತ ನಿಮಗೆ ತಿಳಿಯಬೇಕು. ಕಿತ್ತ ಸಸಿಯನ್ನು ಹಚ್ಚದೆ ಬದುವಿನ ಮೇಲೆ ಬಿಡುವುದು ನಮ್ಮ ಹೆಂಗಸರಲ್ಲಿ ಇಲ್ಲವೇ ಇಲ್ಲ. ಅರ್ಧ ದಿನ ಕೆಲಸ ಮಾಡಿ ಮನೆಯಲ್ಲಿ ಹೆಣ ಬಿದ್ದ ಸುದ್ದಿ ಬಂದರೂ ಕೈಯಲ್ಲಿದ್ದ ಸಸಿ ಕಟ್ಟನ್ನು ಹಚ್ಚಿಯೇ ಏಳುತ್ತಾರೆ. ಬೇರು ಬಿಸಿಲಿಗೆ ಬಿಡುವುದು ಕೂಸನ್ನು ಬಿಸಿಲಿಗೆ ಹಾಕಿದಷ್ಟು ಪಾಪ ಎನ್ನುತ್ತಾರೆ. ಮುದುಕಮ್ಮಾಯಿ ತನ್ನ ಬದುಕಿನಲ್ಲಿ ಮೊದಲ ಸಲ ಆ ಪಾಪ ಮಾಡಿದ್ದಳು. ಗೌಡನಿಗೆ ಅದು ಪಾಪವಲ್ಲ, ಲೆಕ್ಕ. ಇವತ್ತು ಹಚ್ಚದಿದ್ದರೆ ನಾಳೆಗೆ ಸಸಿ ಬಾಡುತ್ತದೆ. ಮಡಿಯಲ್ಲಿ ಬೇರೆ ಸಸಿ ಇಲ್ಲ. ಕಾಲುವೆ ನೀರಿನ ಪಾಳಿ ದಾಟಿದರೆ ಈ ಬೆಳೆಯೇ ಇಲ್ಲ.

"ಬ್ಯಾರೆ ಊರಿನ ಆಳು ತರಸಲೇ."

"ಎಲ್ಲಿ ಸಿಗ್ತಾರ್ರೀ? ಇಡೀ ತಾಲೂಕು ನಾಟಿಗೆ ಬಿದ್ದೈತಿ. ಎರಡು ದಿನದ ಮಟ ಯಾರೂ ಬರಂಗಿಲ್ಲ."

ನಾನು ಗೌಡನ ಮುಖ ನೋಡುತ್ತಿದ್ದೆ. ಜೂನ್‌ನಲ್ಲಿ ನನ್ನೊಬ್ಬಳ ಸಲುವಾಗಿ ಇಡೀ ಕೇರಿಯ ಹೊಟ್ಟೆ ಕಟ್ಟುತ್ತೇನೆ ಎಂದಿದ್ದ ಮನುಷ್ಯ. ಈಗ ಇಡೀ ಕೇರಿ ನನ್ನೊಬ್ಬಳ ಸಲುವಾಗಿ ಅವನ ಗದ್ದೆ ಕಟ್ಟಿ ಕೂತಿತ್ತು. ಒಬ್ಬಳ ಕಾಲಿಗೆ ಒಬ್ಬಳನ್ನು ಕಟ್ಟಿದವನು ಅವನೇ.

ಗೌಡ ಪ್ರಿನ್ಸಿಪಾಲರ ಕಡೆ ತಿರುಗಿದ. "ಹಚ್ಚಿಕೊಳ್ರಿ ಆಕಿ ಹೆಸ್ರು."

"ಗೌಡರೇ, ಹೆಸರು ಹಚ್ಚಬಹುದು. ಆದರೆ ಹಾಜರಿ ಇಲ್ಲ. ಹಾಜರಿ ಇಲ್ಲದೆ ಏಪ್ರಿಲ್ ಪರೀಕ್ಷೆಗೆ ಕೂಡಿಸೋಕೆ..."

"ಶರಣಗೌಡಗ ಎಂದಿನಿಂದ ಕೊಟ್ಟೀರಿ, ನನಗೂ ಅಂದಿನಿಂದ ಕೊಡ್ರಿ" ಎಂದೆ.

ಪ್ರಿನ್ಸಿಪಾಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ದನಿ ತಗ್ಗಿಸಿ ನನಗೆ ಹೇಳಿದರು. "ಕೊಡೋಣ. ಆದರೆ ಇನ್ನು ಮೇಲೆ ಶರಣಗೌಡರ ವಿಷಯ ಎಲ್ಲೂ ಎತ್ತಬಾರದು. ನಿನ್ನದೂ ಸುಳ್ಳು ಹಾಜರಿಯೇ ಆಗ್ತದೆ, ನೆನಪಿರಲಿ."

"ಅಂವಂದು ಸುಳ್ಳು. ನಂದು ಸುಳ್ಳಲ್ಲರೀ. ಜುಲೈದಿಂದ ಡಿಸೆಂಬರ್ ಮಟ ನಾ ಎಲ್ಲಿ ಇದ್ನಿ, ಏನು ಮಾಡ್ದೆ, ನಿಮ್ಮ ಕಮಿಟಿ ಮೆಂಬರ್‌ನ್ನ ಕೇಳ್ರಿ. ಒಂದು ದಿನಾನೂ ತಪ್ಪಿಸಿಲ್ಲ. ಬಾಯಿ ಮುಚ್ಕೊಂಡಿರ್ತೀನಿ ಅಂತ ನಾ ಮಾತು ಕೊಡಂಗಿಲ್ಲ."

ಗುಮಾಸ್ತ ನನ್ನ ಹೆಸರು ಬರೆದ. ಶೇಖಮ್ಮ ತಂದೆ ಬಸ್ಸಪ್ಪ. ಬರೆದದ್ದನ್ನು ನಾನು ಬಗ್ಗಿ ಓದಿ ನೋಡಿಯೇ ಹೊರಗೆ ಬಂದೆ. ಅವ್ವ ಗೌಡನ ಜೀಪು ಹತ್ತಲಿಲ್ಲ. "ನಾವು ಬಸ್ಸಿಗೆ ಬರ್ತೀವಿ. ನೀವು ಮುಂದ ಹೋಗ್ರಿ" ಎಂದಳು. ಬಸ್ಸು ಬರುವ ತನಕ ಗೌಡನ ಸಸಿ ಬಿಸಿಲಿನಲ್ಲೇ ಇದ್ದವು. ನಾವಿಬ್ಬರೂ ಗದ್ದೆ ಮುಟ್ಟಿದ ಮೇಲೆ ಮುದುಕಮ್ಮಾಯಿ ಎದ್ದಳು, ಸೂಡುಗಳಿಗೆ ನೀರು ಚಿಮುಕಿಸಿ ಕೈ ಮುಗಿದಳು. ಎಲ್ಲರೂ ಇಳಿದರು. ನಾನೂ ಕೈಗೆ ಸೂಡು ತಗೊಂಡೆ. ಮುದುಕಿ ಕಿತ್ತುಕೊಂಡು ಬದುವಿನ ಮೇಲೆ ಕೂಡಿಸಿದಳು. "ಕುಂದ್ರು ಅಲ್ಲೆ. ಅದೇನು ಓದಿದ್ದಿ, ಓದು. ನಾವೂ ಕೇಳ್ತೀವಿ" ಎಂದಳು. ಕಿಟಕಿಯ ಕೆಳಗೆ ಬರೆದುಕೊಂಡ ಇತಿಹಾಸವನ್ನು ದೊಡ್ಡ ದನಿಯಲ್ಲಿ ಓದಿದೆ. ಯಾವುದೋ ರಾಜನ ಕಂದಾಯದ ಪಾಠ. ಬಗ್ಗಿದ ಬೆನ್ನುಗಳು ಕೇಳಿದವು. "ಅವಾಗೂ ಹಿಂಗ ಇತ್ತೇನು?" ಎಂದಳು ಯಾರೋ ಒಬ್ಬಳು.

ಗೌಡ ಸುಮ್ಮನಿರುವ ಜಾತಿಯಲ್ಲ. ಆ ನಾಟಿ ಮುಗಿದ ದಿನವೇ ಕೇರಿಗೆ ಗದ್ದೆ ಬಂದ್ ಮಾಡಿದ. ಕಳೆ ಕೀಳಲು ಬೇರೆ ಊರಿನವರು ಬಂದರು. ಒಂದೆರಡು ವಾರ ಹಿಟ್ಟಿಗೂ ತತ್ವಾರವಾಯಿತು. ಅಪ್ಪ ನನ್ನ ಮೇಲೆ ರೇಗಿದ, ಅವ್ವನ ಮೇಲೆ ಕೈ ಮಾಡಿದ. ಕೊಟ್ಟ ಮಾತಿನಂತೆ ಮದುವೆಯನ್ನು ಮಾತ್ರ ನಿಲ್ಲಿಸಿದ್ದ. ಒಂದು ದಿನ ನಾನೇ ಮುದುಕಮ್ಮಾಯಿಯ ಗುಡಿಸಲಿಗೆ ಹೋಗಿ, ಬಿಟ್ಟುಬಿಡ್ತೀನಾಯಿ ಅಂದೆ. ಮುದುಕಿ ಕಟ್ಟಿಗೆ ಕೊಳ್ಳಿ ಎತ್ತಿಕೊಂಡಳು. "ನಮ್ಮನ್ನ ಪಾಪಕ್ಕ ಹಾಕಿ ಈಗ ನೀ ಬಿಡ್ತೀಯೇನು? ಬಿಟ್ಟು ನೋಡು ಬೇಕಾದ್ರ" ಎಂದಳು. ಮರುದಿನ ತಾನೇ ನಾಲ್ಕಾರು ಹೆಂಗಸರನ್ನು ಕಟ್ಟಿಕೊಂಡು ಹೋಗಿ ಗೊರೇಬಾಳದ ಕಡೆ ಒಬ್ಬ ಗದ್ದೆಯವನನ್ನು ಹಿಡಿದಳು. ಅವನ ಟ್ರಾಕ್ಟರ್ ದಿನಾ ನಸುಕಿನಲ್ಲಿ ನಮ್ಮ ಕೇರಿಗೆ ಬರತೊಡಗಿತು. ದೂರದ ಕೂಲಿ. ಬೆಳಕು ಹರಿಯುವ ಮುಂಚೆ ರೊಟ್ಟಿ ಬಡಿದುಕೊಂಡು ಹತ್ತಬೇಕು.

ಆ ಟ್ರಾಕ್ಟರ್ ಸಿಂಧನೂರಿನ ಮೇಲೆಯೇ ಹೋಗುತ್ತಿತ್ತು, ಮುಂಜಾನೆಯ ಕ್ಲಾಸಿನ ಹೊತ್ತಿಗೆ ಸರಿಯಾಗಿ. ನಾನೂ ಅದರ ಹಿಂದಿನ ಡಬ್ಬಿಯಲ್ಲಿ ಹೆಂಗಸರ ನಡುವೆ ಕುಡುಗೋಲು, ಬುತ್ತಿಗಂಟಿನ ಜೊತೆ ಪುಸ್ತಕ ಹಿಡಿದು ಕೂಡುತ್ತಿದ್ದೆ. ಕಾಲೇಜು ಬಂದರೆ ಚಾಲಕ ನಿಲ್ಲಿಸುವುದಿಲ್ಲ ಎನ್ನುತ್ತಿದ್ದ. ಹೆಂಗಸರು ಡಬ್ಬಿಯ ತಗಡು ಬಡಿಯುತ್ತಿದ್ದರು. ಊರಿಗೆಲ್ಲ ಕೇಳುವ ಹಾಗೆ ಬಡಿಯುತ್ತಿದ್ದರು. ಅವನು ಗೇಟಿನ ಎದುರೇ ನಿಲ್ಲಿಸಬೇಕಾಗುತ್ತಿತ್ತು.

ಒಂದು ದಿನ ನಾನು ಇಳಿಯುವ ಹೊತ್ತಿಗೆ ಪ್ರಿನ್ಸಿಪಾಲರು ಗೇಟಿನಲ್ಲಿದ್ದರು. ಹುಡುಗರು ಗುಂಪಾಗಿ ನೋಡುತ್ತಿದ್ದರು. ಅವರಿಗೆ ಸಿಟ್ಟು ಬಂತು.

"ಏನಿದು ದಿನಾ? ಕಾಲೇಜು ಇದು, ಕೂಲಿಯವರನ್ನು ಇಳಿಸೋ ಜಾಗ ಅಲ್ಲ. ನಾಳೆಯಿಂದ ಟ್ರಾಕ್ಟರ್ ಇಲ್ಲಿ ನಿಲ್ಲಬಾರದು."

ನಾನು ಬಾಯಿ ತೆರೆಯುವ ಮೊದಲೇ ಅವ್ವ ಡಬ್ಬಿಯಲ್ಲಿ ಎದ್ದು ನಿಂತಳು. ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡಳು.

"ನಿಲ್ಲತೈತಿರೀ ಸಾಹೇಬ್ರ. ಈಗ ಒಬ್ಬಾಕಿ ಇಳೀತಾಳ. ನಮ್ಮ ಕೇರ್ಯಾಗ ಹತ್ತನೇತ್ತೆ ಓದೋ ಹುಡುಗೇರು ಇನ್ನ ಮೂರು ಮಂದಿ ಅದಾರ. ಅವರೂ ಇಳೀತಾರ. ಬೆಂಚ್ ಮಾಡಿಸಿ ಇಡ್ರಿ."